ಬಾಗಲಕೋಟೆಯಿಂದ ಬೆಂಗಳೂರಿನ ಕಲಾ ಸಂಗ್ರಹಾಲಯಕ್ಕೆ: ನೋಡುವ ಬಗೆ

ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವನ್ನು ನೋಡಲು ನಮ್ಮ ಜಿಲ್ಲೆಯಿಂದ ಹೊರಡುವವರು ಮೊದಲು ದಿನವನ್ನು ಆರಿಸಿಕೊಳ್ಳಬೇಕು, ಏಕೆಂದರೆ ಸೋಮವಾರ ಅದಕ್ಕೆ ರಜೆ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಇಳಿದವರು ದೊಡ್ಡ ಚೀಲಗಳನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಟ್ಟು, ನೇರಳೆ ಮಾರ್ಗದ ಮೆಟ್ರೊದಲ್ಲಿ ವಿಧಾನಸೌಧ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಆಟೊ ಹಿಡಿಯಬಹುದು. ಹಳೆಯ ಮಾಣಿಕ್ಯವೇಲು ಬಂಗಲೆಯಲ್ಲಿ ಈ ಸಂಗ್ರಹಾಲಯ ಆರಂಭವಾದದ್ದು 2009ರಲ್ಲಿ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಕೂಡ ನೋಡತಕ್ಕದ್ದೇ, ಆದರೆ ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಅವಸರ ಬೇಡ. ಮೊದಲ ಸಲ ಹೋದಾಗ ನಾನು ಎಲ್ಲ ಕೋಣೆಗಳನ್ನೂ ಒಂದು ತಾಸಿನಲ್ಲಿ ಸುತ್ತಿ ಬಂದೆ, ಊರಿಗೆ ಮರಳಿದ ಮೇಲೆ ಒಂದು ಚಿತ್ರವೂ ನೆನಪಿನಲ್ಲಿ ಉಳಿದಿರಲಿಲ್ಲ.

ಆದ್ದರಿಂದ ಒಮ್ಮೆ ಎಲ್ಲ ಕೋಣೆಗಳಲ್ಲಿ ನಿಧಾನವಾಗಿ ಅಡ್ಡಾಡಿ, ಮನಸ್ಸು ತಡೆದು ನಿಂತ ನಾಲ್ಕೈದು ಕೃತಿಗಳನ್ನು ಗುರುತಿಸಿಕೊಂಡು, ಮತ್ತೆ ಅವುಗಳ ಬಳಿಗೇ ಹೋಗಿ ಒಂದೊಂದರ ಮುಂದೆಯೂ ಹತ್ತು ನಿಮಿಷ ನಿಲ್ಲಬೇಕು. ಆಕೃತಿಯೇ ಇಲ್ಲದ ಅಮೂರ್ತ ಚಿತ್ರವಾಗಲಿ, ಬಟ್ಟೆ, ಕಬ್ಬಿಣ, ಹಗ್ಗಗಳನ್ನು ಸೇರಿಸಿ ಕಟ್ಟಿದ ಪ್ರತಿಷ್ಠಾಪನಾ ಕಲೆಯಾಗಲಿ ಎದುರಾದಾಗ, ‘ಇದರ ಅರ್ಥವೇನು?’ ಎಂದು ಕೇಳುವ ಮೊದಲು ‘ಇದನ್ನು ಹೇಗೆ ಮಾಡಿದ್ದಾರೆ?’ ಎಂದು ಕೇಳಿಕೊಳ್ಳಿ. ಈ ಪ್ರಶ್ನೆ ನಮಗೆ ಹೊಸದಲ್ಲ. ಇಳಕಲ್ ಸೀರೆ ಕೊಳ್ಳುವಾಗ ನಮ್ಮ ಮನೆಯ ಹೆಣ್ಣುಮಕ್ಕಳು ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸಿದ ಜಾಗವನ್ನು ಬೆರಳಿನಿಂದ ಸವರಿ ನೋಡುತ್ತಾರೆ, ಕಸೂತಿಯ ಹಿಂಬದಿಯನ್ನೂ ತಿರುವಿ ಪರೀಕ್ಷಿಸುತ್ತಾರೆ. ಸಂಗ್ರಹಾಲಯದಲ್ಲಿ ಮುಟ್ಟುವಂತಿಲ್ಲ, ಆದರೆ ಅದೇ ಶ್ರದ್ಧೆಯಿಂದ ಕಣ್ಣಾಡಿಸಬಹುದು: ಬಣ್ಣ ಎಲ್ಲಿ ದಪ್ಪವಾಗಿದೆ, ಕುಂಚ ಯಾವ ದಿಕ್ಕಿಗೆ ಓಡಿದೆ, ಎಲ್ಲಿ ಜಾಗವನ್ನು ಖಾಲಿ ಬಿಡಲಾಗಿದೆ ಎಂಬುದು ಹತ್ತಿರದಿಂದ ಕಾಣುತ್ತದೆ, ಏಳೆಂಟು ಹೆಜ್ಜೆ ಹಿಂದೆ ಸರಿದರೆ ಇಡೀ ಚಿತ್ರದ ತೂಕ ತಿಳಿಯುತ್ತದೆ. ಸಾಧ್ಯವಿದ್ದವರು ಹೊರಡುವ ಮುನ್ನ ಬಾದಾಮಿಗೆ ಹೋಗಿ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಅಳಿದುಳಿದ ವರ್ಣಚಿತ್ರಗಳ ಮುಂದೆ ಹೀಗೆ ನಿಂತು ನೋಡಲಿ ಎಂಬುದು ನನ್ನ ಆಸೆ.

ಕೃತಿಯ ಪಕ್ಕದ ಫಲಕವನ್ನು ಕಡೆಗೆ ಓದಿ. ಕಲಾವಿದರ ಹೆಸರು, ರಚನೆಯ ವರ್ಷ, ಮಾಧ್ಯಮ, ಅಳತೆ ಅದರಲ್ಲಿ ಇರುತ್ತವೆ. ಇವುಗಳಲ್ಲಿ ವರ್ಷವನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ 1930ರ ದಶಕದ ಅಮೃತಾ ಶೇರ್‌ಗಿಲ್ ಅವರ ಚಿತ್ರವನ್ನು ನೋಡುವ ಕಣ್ಣಿನಿಂದಲೇ ನಮ್ಮ ಕಾಲದ ವಿಡಿಯೊ ಕೃತಿಯನ್ನು ಅಳೆಯಲಾಗದು. ಫೋಟೊ ತೆಗೆಯಬಹುದೇ ಎಂದು ಕಾವಲಿನ ಸಿಬ್ಬಂದಿಯನ್ನು ಕೇಳಿ; ಅನುಮತಿ ಸಿಕ್ಕರೂ ಫ್ಲ್ಯಾಶ್ ಬೇಡ. ಬದಲಿಗೆ ಚಿಕ್ಕ ನೋಟ್‌ಬುಕ್ ಮತ್ತು ಪೆನ್ಸಿಲ್ ಜೊತೆಗಿರಲಿ. ಮಕ್ಕಳಿದ್ದರೆ ಮೆಚ್ಚಿದ ಒಂದು ಆಕಾರವನ್ನು ಅದರಲ್ಲಿ ಬರೆಯಲು ಹೇಳಿ, ದಣಿದಾಗ ಹೊರಗಿನ ಮರಗಳ ನೆರಳಿನಲ್ಲಿ ಕೂಡಿಸಿ. ರಾತ್ರಿಯ ರೈಲಿಗೆ ಇನ್ನೂ ಹೊತ್ತಿರುವುದರಿಂದ, ಬಾಗಿಲು ಮುಚ್ಚುವ ಮೊದಲು ಒಳಗೆ ಮರಳಿ, ಬೆಳಿಗ್ಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ ಆ ಒಂದು ಕೃತಿಯನ್ನು ಇನ್ನೊಮ್ಮೆ ನೋಡಿ ಬನ್ನಿ.