ಬೋಳಾದ ದಾಸವಾಳ ಮತ್ತೆ ಚಿಗುರಿದ್ದು

ದಾಸವಾಳವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಸತ್ತೇ ಹೋಗುತ್ತೆ ಅಂತ ಬಹಳ ಜನ ಹೆದರುತ್ತಾರೆ. ಬೇರು ಗಟ್ಟಿಯಾಗಿದ್ದರೆ ಹಾಗೆಲ್ಲ ಸಾಯುವುದಿಲ್ಲ. ಎಷ್ಟೋ ಸಲ ಅದನ್ನು ಕೊಲ್ಲುವುದು ಆಮೇಲೆ ನಾವು ಮಾಡುವ ಅತಿಯಾದ ಉಪಚಾರ.

ಮಂಡ್ಯದಲ್ಲಿ ನಮ್ಮ ಮನೆ ಮುಂದಿನ ಕೆಂಪು ದಾಸವಾಳಕ್ಕೆ ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿಕೊಂಡಂತೆ ಕಾಣುವ, ಗಿಡದ ರಸ ಹೀರುವ ಪುಟ್ಟ ಹುಳ) ವಿಪರೀತ ಹತ್ತಿತ್ತು. ಕುಡಿಗಳೆಲ್ಲ ಮುರುಟಿ, ಎಲೆಗೆ ಕಪ್ಪು ಮಸಿ ಹಿಡಿದಿತ್ತು. ಚಳಿಗಾಲದ ಒಣಗಾಳಿಯೂ ಸೇರಿ ಅರ್ಧ ಕೊಂಬೆ ಒಣಗಿ ನಿಂತವು. ಆದರೂ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗಲಿ ಅಂತ ಕಾದೆ. ಚಳಿಯಲ್ಲಿ ಕತ್ತರಿಸಿದರೆ ಚಿಗುರು ನಿಧಾನ. ಊಟಿಯಂಥ ಕಡೆ ಹಿಮಕ್ಕೆ ಗಿಡ ಸುಟ್ಟಾಗಲೂ ಚಳಿ ಕಳೆಯುವ ತನಕ ಕತ್ತರಿ ಹಾಕಬಾರದು. ಸುಟ್ಟ ಎಲೆಗಳೇ ಕೆಳಗಿನ ಮೊಗ್ಗಿಗೆ ಮರೆ.

ಎಲ್ಲಿಗೆ ಕತ್ತರಿಸಬೇಕು ಅನ್ನುವುದನ್ನು ಉಗುರೇ ಹೇಳುತ್ತದೆ. ತುದಿಯಿಂದ ಕೆಳಕ್ಕೆ ಅಲ್ಲಲ್ಲಿ ತೊಗಟೆಯನ್ನು ಸ್ವಲ್ಪವೇ ಕೆರೆಯುತ್ತಾ ಬಂದೆ. ಮೇಲೆಲ್ಲ ಕಂದು, ಪುಡಿಪುಡಿ. ಮೊಣಕಾಲಿನ ಮಟ್ಟಕ್ಕೆ ಬಂದಾಗ ತೇವದ ಹಸಿರು ಕಾಣಿಸಿತು. ಅಲ್ಲಿಂದ ಸ್ವಲ್ಪ ಕೆಳಗೆ, ಹೊರಮುಖದ ಗೆಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದೆ. ತಿಗಣೆ ಹತ್ತಿದ ಕೊಂಬೆಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟುಬಿಟ್ಟೆ.

ಎಲೆಯೇ ಇಲ್ಲದ ಗಿಡ ನೀರು ಕುಡಿಯುವುದು ತೀರಾ ಕಡಿಮೆ, ಅಲ್ವಾ? ಸುಮ್ನೆ ದಿನಾ ನೀರು ಸುರಿದರೆ ಬೇರು ಕೊಳೆಯುತ್ತೆ. ಮಣ್ಣಿಗೆ ಬೆರಳಿಟ್ಟು, ಒಣಗಿದ್ದರೆ ಮಾತ್ರ ಕೊಟ್ಟೆ. ಯೂರಿಯಾ ಬೇಡವೇ ಬೇಡ. ಅದರಿಂದ ಚಿಗುರು ಎಳಸಾಗಿ ಜಾಸ್ತಿ ಬರುತ್ತದೆ, ತಿಗಣೆಗೆ ಬೇಕಾದದ್ದೂ ಅದೇ. ನೆರಳು ಹೋದ ಕಾಂಡ ಬಿಸಿಲಿಗೆ ಸೀಳದಿರಲಿ ಅಂತ ತೆಳ್ಳಗೆ ಸುಣ್ಣ ಬಳಿದೆ. ಬುಡಕ್ಕೆ ಕಬ್ಬಿನ ತರಗು ಹೊದಿಸಿದೆ, ಕಾಂಡಕ್ಕೆ ತಾಗದ ಹಾಗೆ.

ಯುಗಾದಿ ಹೊತ್ತಿಗೆ ಬರಿ ತೊಗಟೆಯಲ್ಲಿ ಸಾಸಿವೆಯಷ್ಟು ಹಸಿರು ಉಬ್ಬುಗಳು ಎದ್ದವು. ಅದನ್ನು ನೋಡಿದ ಖುಷಿಯೇ ಬೇರೆ! ಎಲ್ಲವನ್ನೂ ಬಿಟ್ಟುಕೊಂಡರೆ ಗಿಡ ಒತ್ತಾಗುತ್ತದೆ. ಒಳಮುಖದವನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದೆ. ಉಳಿದವಕ್ಕೆ 5-6 ಎಲೆ ಬಂದ ಮೇಲೆ ಕುಡಿ ಚಿವುಟಿದೆ. ಆಗ ಪಕ್ಕದಿಂದ ಕವಲೊಡೆಯುತ್ತದೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲೇ, ಹಾಗಾಗಿ ಕವಲು ಹೆಚ್ಚಿದಷ್ಟೂ ಹೂ ಹೆಚ್ಚು. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಕೊಟ್ಟಿದ್ದು ಎಲೆ ಬಲಿತ ಮೇಲೆಯೇ.

ಕಾಂಡದ ಮೇಲೆ ಇರುವೆ ಸಾಲು ಕಂಡರೆ ಈಗಲೂ ಎಲೆ ತಿರುಗಿಸಿ ನೋಡುತ್ತೇನೆ. ತಿಗಣೆಯ ಸಿಹಿ ಅಂಟಿಗೆ ಬರುವ ಇರುವೆ ಆ ತಿಗಣೆಯನ್ನೇ ಕಾಪಾಡುತ್ತದೆ ಕೂಡ. ಬಿಳಿ ಚುಕ್ಕೆ ಸಿಕ್ಕರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸುತ್ತೇನೆ.