ಸಾರು ಸಪ್ಪೆ, ಖಾರ ಅಂಚಿಗೆ: ಉಪ್ಸಾರು ಮಾಡುವ ಬಗೆ

ಮಂಡ್ಯದ ಕಡೆಯ ಮನೆಗೆ ಮೊದಲ ಸಲ ಊಟಕ್ಕೆ ಬಂದವರು ಉಪ್ಸಾರಿನ ತಟ್ಟೆ ನೋಡಿ ಕಕ್ಕಾಬಿಕ್ಕಿಯಾಗುವುದುಂಟು. ತಿಳಿನೀರಿನಂಥ ಸಾರು, ನಡುವೆ ಮುದ್ದೆ, ಅಂಚಿಗೆ ಮೆತ್ತಿದ ಹಸಿರು ಖಾರ. ನಮ್ಮ ಮನೆಗೆ ಬಂದ ನೆಂಟರೊಬ್ಬರು ಅದನ್ನು ಚಟ್ನಿ ಎಂದುಕೊಂಡು ಬೆರಳ ತುಂಬ ಬಾಯಿಗಿಟ್ಟು ಚೊಂಬು ನೀರು ಖಾಲಿ ಮಾಡಿದ್ದರು. ಸಾರೂ ಖಾರವೂ ಕೂಡುವುದು ಒಲೆಯ ಮೇಲಲ್ಲ, ತಟ್ಟೆಯಲ್ಲಿ. ಅದೇ ಕಟ್ಟಿಗೆ, ಎಂದರೆ ಬೇಳೆ-ಸೊಪ್ಪು ಬೇಯಿಸಿ ಬಸಿದ ನೀರಿಗೆ, ಮಸಾಲೆ ರುಬ್ಬಿ ಹಾಕಿ ಕುದಿಸಿದಿರೋ, ಅದು ಬಸ್ಸಾರಾಯಿತು.

ನಾಲ್ಕು ಜನಕ್ಕೆ ಮುಕ್ಕಾಲು ಲೋಟ ತೊಗರಿಬೇಳೆ, ಒಂದು ಕಟ್ಟು ದಂಟಿನ ಸೊಪ್ಪು, ಆರು ಲೋಟ ನೀರು. ಚಳಿಗಾಲವಾದರೆ ಬೇಳೆ ಬಿಡಿ, ಸೊಗಡಿನ ಅವರೆಕಾಳು ತನ್ನಿ. ಕುಕ್ಕರ್ ಬೇಡ; ಬೇಳೆ ಕರಗಿದರೆ ಕಟ್ಟು ಗೊಜ್ಜಾಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ, ಬೇಳೆ ಬೆರಳಿಗೆ ಹಿಸುಕಲು ಸಿಗುವಾಗ ಸೊಪ್ಪು, ಉಪ್ಪು ಹಾಕಿ. ಏಳೆಂಟು ನಿಮಿಷಕ್ಕೆ ಬಸಿದುಬಿಡಿ. ಸಾರು ಮುಗಿಯಿತು, ಒಗ್ಗರಣೆಯಿಲ್ಲ. ಬಸಿದ ಬೇಳೆ-ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ.

ಕೈಚಳಕವೆಲ್ಲ ಖಾರದಲ್ಲಿದೆ. ಎಂಟು ಹಸಿಮೆಣಸಿನಕಾಯಿಯನ್ನು ಮೈ ಮೇಲೆ ಕಪ್ಪು ಚುಕ್ಕೆ ಬೀಳುವಷ್ಟು ಸುಡಿ. ಅದರ ಜೊತೆ ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಗೋಲಿಯಷ್ಟು ಹುಣಸೆಹಣ್ಣು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಉಪ್ಪು. ಒರಳಲ್ಲಿ ರುಬ್ಬಿದರೆ ಚೆನ್ನ. ಮಿಕ್ಸಿಯಾದರೆ ತರಿತರಿಯಾಗಿರುವಾಗಲೇ ನಿಲ್ಲಿಸಿ. ನೀರಿನ ಬದಲು ಎರಡು ಚಮಚ ಕಟ್ಟು ಹಾಕಿ. ಒಣಮೆಣಸಿನಕಾಯಿಯ ಕೆಂಪು ಖಾರವೇ ಸರಿ ಎನ್ನುವವರೂ ಇದ್ದಾರೆ. ನಾನು ಹಸಿರಿನ ಪಕ್ಷ.

ಇನ್ನು ಮುದ್ದೆ, ನಮ್ಮವರ ಬಾಯಲ್ಲಿ 'ಹಿಟ್ಟು'. ನಾಲೆ ನೀರು ಬಂದು ಊರ ಸುತ್ತ ಭತ್ತ, ಕಬ್ಬು ತುಂಬಿದರೂ ಇದು ತಟ್ಟೆ ಬಿಟ್ಟು ಕದಲಲಿಲ್ಲ. ಇಂಡಾಫ್ ರಾಗಿ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದೂ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲೇ, ಆಫ್ರಿಕಾದ ರಾಗಿಯನ್ನು ನಮ್ಮದರೊಂದಿಗೆ ಕೂಡಿಸಿದ ತಳಿಗಳವು. ರಾಗಿಯಲ್ಲಿ ಗೋಧಿಯಂಥ ಅಂಟಿಲ್ಲ, ತಣ್ಣೀರಲ್ಲಿ ನಾದಿದರೆ ಒಗ್ಗೂಡದು. ಬಿಸಿಗೆ ಪಿಷ್ಟ ಬೆಂದು ಉಬ್ಬಿದಾಗಲೇ ಹಿಡಿತ ಬರುವುದು. ಹಾಗಾಗಿ ಎರಡೂವರೆ ಲೋಟ ಎಸರಿಗೆ ಮೊದಲು ಒಂದು ಚಮಚ ರಾಗಿಹಿಟ್ಟು ಕದಡಿ ಹಾಕಿ. ಮರಳಿದಾಗ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆ ಸುರಿದು, ಸಣ್ಣ ಉರಿಯಲ್ಲಿ ಐದು ನಿಮಿಷ ಮುಟ್ಟದೆ ಬಿಡಿ. ಗಂಟಾಗುವುದು ಆತುರಪಟ್ಟವರಿಗೆ. ಆಮೇಲೆ ಕೋಲಿನಿಂದ ರಟ್ಟೆ ಸೋಲುವಷ್ಟು ತೊಳಸಿ, ಮುಚ್ಚಿ ಎರಡು ನಿಮಿಷ ಹಬೆಯಲ್ಲಿಟ್ಟು, ಕೈ ಒದ್ದೆ ಮಾಡಿಕೊಂಡು ಬಿಸಿಯಲ್ಲೇ ಕಟ್ಟಿ.

ಉಣ್ಣುವಾಗ ಕಡಲೆಕಾಳಿನಷ್ಟು ಖಾರವನ್ನು ಸಾರಿಗೆ ಕದಡಿ, ಸಾಲದಿದ್ದರೆ ಮತ್ತಷ್ಟು. ಮುದ್ದೆಯ ತುತ್ತು ಮುರಿದು ಸಾರಲ್ಲಿ ಅದ್ದಿ ನುಂಗಿ. ಅಗಿಯಲು ಹೋದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಖಾರ ಉಳಿದರೆ ಎಸೆಯಬೇಡಿ, ಬೆಳಿಗ್ಗೆ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವಾಗ ನೆಂಚಿಕೊಳ್ಳಲು ಬೇಕಾಗುತ್ತದೆ.