ಕನ್ನಡ ಹೆಸರು ಟೈಪ್ ಮಾಡಿ ಓಪನ್ ಸೋರ್ಸ್‌ಗೆ ಬಂದೆ: ಕಲಬುರಗಿಯಿಂದ ನನ್ನ ಅನುಭವ

ಕನ್ನಡದಲ್ಲಿ ಟೈಪ್ ಮಾಡು, ಆ್ಯಪ್ ಎಲ್ಲಿ ಕೆಡುತ್ತದೆ ನೋಡು. ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್‌ಗೆ ನಾನು ಬಂದ ದಾರಿ ಇಷ್ಟೇ. ಹಾಸ್ಟೆಲ್‌ನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ‘ಇದೂ ಒಂದು ಕಾಂಟ್ರಿಬ್ಯೂಷನ್ನಾ?’ ಅಂದರು. ‘ಫುಕಟ್ ಕೆಲಸ ಯಾಕ ಮಾಡ್ಲಿಕ್ಕತ್ತಿ ತಮ್ಮಾ, ಯಾವುದಾರ ಒಂದು ಕೋರ್ಸ್ ಮಾಡು’ ಅಂತ ಕಾಕಾ ಹೇಳಿದರು. ಈಗ ನಾನು ತಿದ್ದಿದ ಲೆಕ್ಕದ ಆ್ಯಪ್‌ನ ಪ್ರಾಜೆಕ್ಟ್‌ನಲ್ಲಿ ಭಾರತದ ಯಾವ ಲಿಪಿಯ ಇಶ್ಯೂ (ತೊಂದರೆಯ ದೂರು) ಬಂದರೂ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ನನ್ನನ್ನೇ ಟ್ಯಾಗ್ ಮಾಡುತ್ತಾರೆ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್, ಅದರ ಫೋರ್ಕ್, ಬ್ರಾಂಚ್ ಎಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾನೂ ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ಸುಲಭದ ಕೆಲಸ) ಲೇಬಲ್ ಹಿಂದೆಯೇ ಓಡಿದೆ. ಹೆಸರಾದ ಪ್ರಾಜೆಕ್ಟ್‌ಗಳಲ್ಲಿ ಆ ಲೇಬಲ್ ಬೀಳುವುದೇ ತಡ, ‘ನನಗೆ ಕೊಡಿ’ ಅಂತ ಜನ ಸಾಲುಗಟ್ಟಿರುತ್ತಾರೆ. ಇಲ್ಲಿ ಕರೆಂಟ್ ಹೋಗಿ ಬರುವಷ್ಟರಲ್ಲಿ ಯಾರೋ ಪ್ಯಾಚ್ (ತಿದ್ದಿದ ಕೋಡ್) ಕಳಿಸಿಯೂ ಆಗಿರುತ್ತದೆ. ರೀಡ್‌ಮಿಯಲ್ಲಿ (ಪ್ರಾಜೆಕ್ಟ್‌ನ ಪರಿಚಯದ ಫೈಲ್) ಸ್ಪೆಲ್ಲಿಂಗ್ ತಿದ್ದಿ ಕಳಿಸಿದೆ. ಒಂದು ಮಾತೂ ಆಡದೆ ಮುಚ್ಚಿದರು. ಅವರ ಬೇಸರಕ್ಕೆ ಕಾರಣ ಇದೆ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ (ಓಪನ್ ಸೋರ್ಸ್‌ಗೆ ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಅಕ್ಟೋಬರ್ ಕಾರ್ಯಕ್ರಮ) ಟೀ ಶರ್ಟ್ ಆಸೆಗೆ ಇಂಥ ಪುಲ್ ರಿಕ್ವೆಸ್ಟ್‌ಗಳ (‘ನನ್ನ ತಿದ್ದುಪಡಿ ಸೇರಿಸಿಕೊಳ್ಳಿ’ ಅನ್ನುವ ಕೋರಿಕೆ) ರಾಶಿಯೇ ಬಿತ್ತು. ಕೊನೆಗೆ, ತಾವಾಗಿ ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ನಿಯಮವನ್ನೇ ಬದಲಿಸಿದರು.

ದುಡ್ಡು ಹೋಗಿದ್ದು ಡೇಟಾಗೆ. ನನ್ನದು ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ಒಂದು ಬ್ರೌಸರ್‌ನ ರೆಪೊ (ಕೋಡ್ ಇಡುವ ಜಾಗ) ಕ್ಲೋನ್ ಹಾಕಿದೆ, ಅಂದರೆ ಪೂರ್ತಿ ಪ್ರತಿ ಇಳಿಸಲು ಕೊಟ್ಟೆ, ಅರ್ಧಕ್ಕೆ ನೆಟ್ ಹೋಯಿತು. ಕ್ಲೋನ್ ನಿಂತ ಕಡೆಯಿಂದ ಮುಂದುವರಿಯಲ್ಲ, ಮತ್ತೆ ಮೊದಲಿನಿಂದ ಶುರು. ಆ ತಿಂಗಳು ಟಾಪ್‌ಅಪ್‌ಗೇ ಮುನ್ನೂರು ರೂಪಾಯಿ ಹತ್ತಿರ ಆಯಿತು. ಆಮೇಲೆ ಯಾವ ರೆಪೊ ಆದರೂ ಡೆಪ್ತ್ 1 ಕೊಟ್ಟೇ ಕ್ಲೋನ್, ಅಂದರೆ ಕೊನೆಯ ಕಮಿಟ್ (ಉಳಿಸಿದ ಬದಲಾವಣೆ) ಮಾತ್ರ. ಹಿಂದಿನ ಕಮಿಟ್ ಬೇಕಾದರೆ ಡೀಪನ್ ಕೊಟ್ಟು ಸ್ವಲ್ಪ ಸ್ವಲ್ಪ ತರಿಸುತ್ತೇನೆ.

ಗಂಜ್‌ನಲ್ಲಿ (ನಮ್ಮ ಊರಿನ ಮಾರುಕಟ್ಟೆ) ಕಾಕಾ ಅವರದು ಅಡತಿ ಅಂಗಡಿ. ತೊಗರಿ ಸೀಸನ್‌ನಲ್ಲಿ ಅವರ ಲೆಕ್ಕವನ್ನು ನಾನು ಒಂದು ಚಿಕ್ಕ ಓಪನ್ ಸೋರ್ಸ್ ಆ್ಯಪ್‌ನಲ್ಲಿ ಬರೆಯುತ್ತಿದ್ದೆ. ಪೂರ್ತಿ ಜಾವಾಸ್ಕ್ರಿಪ್ಟ್ ಭಾಷೆಯ ಕೋಡ್. ಪಟ್ಟಿಯಲ್ಲಿ ಹೆಸರಿಗೆ 10ರ ಮಿತಿ. ಮೀರಿದರೆ 9 ಉಳಿಸಿಕೊಂಡು ಚುಕ್ಕಿ ಹಾಕುತ್ತಿತ್ತು. ‘ಮಲ್ಲಿಕಾರ್ಜುನ’ ನಮಗೆ ಐದೇ ಅಕ್ಷರ, ಅಲ್ವಾ? ಎಲ್ಲ ಲಿಪಿಗಳ ಗುರುತಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಅದು 12 ಕೋಡ್ ಪಾಯಿಂಟ್: ವ್ಯಂಜನ, ಹಲಂತ (‘್’ ಗುರುತು), ಸ್ವರಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಎಣಿಕೆ. ಆ್ಯಪ್‌ನ ಮಿತಿಯೂ ಇದನ್ನೇ ಎಣಿಸುತ್ತಿತ್ತು. ಹಾಗಾಗಿ ತೆರೆಯ ಮೇಲೆ ‘ಮಲ್ಲಿಕಾರ್…’ ಅಂತ ಬರುತ್ತಿತ್ತು. ಷರಾ ಕಾಲಂನಲ್ಲಿ ಇನ್ನೊಂದು ತೊಂದರೆ. ಅಲ್ಲಿ ಮಿತಿ 60 ಬೈಟ್. ಯುಟಿಎಫ್-8ರಲ್ಲಿ (ಯೂನಿಕೋಡ್ ಅನ್ನು ಬೈಟ್‌ಗಳಾಗಿ ಬರೆಯುವ ರೀತಿ) ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೂ 3 ಬೈಟ್ ಬೇಕು. ಎರಡು ಪದ ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತಿತ್ತು.

ನಾನು ಪ್ಯಾಚ್ ಕಳಿಸಲಿಲ್ಲ. ಮೊದಲು ಇಶ್ಯೂ ಬರೆದೆ. ಏನು ಟೈಪ್ ಮಾಡಿದೆ, ಏನು ಬರಬೇಕಿತ್ತು, ಏನು ಬಂತು, ಅಷ್ಟೇ. ಮೇಂಟೇನರ್‌ಗೆ ಕನ್ನಡ ಓದಲು ಬರಲ್ಲ. ಅದಕ್ಕೆ ಸ್ಕ್ರೀನ್‌ಶಾಟ್‌ನಲ್ಲಿ ಕತ್ತರಿ ಬಿದ್ದ ಜಾಗಕ್ಕೆ ಕೆಂಪು ಗೆರೆ ಎಳೆದೆ. ಕೆಲವು ದಿನಕ್ಕೆ ಉತ್ತರ ಬಂತು: ‘ಇದಕ್ಕೆ ಟೆಸ್ಟ್ ಬರೆದು ಕೊಡ್ತೀರಾ?’ ಟೆಸ್ಟ್ ಅಂದರೆ ಕೋಡ್ ಸರಿ ಇದೆಯಾ ಅಂತ ಪರೀಕ್ಷಿಸುವ ಕೋಡ್. ಈ ಪ್ರಶ್ನೆ ಬಂತು ಅಂದರೆ ಅರ್ಧ ಕೆಲಸ ಆಯಿತು ಅಂತಲೇ ತಿಳಿಯಿರಿ.

ಸರಿಪಡಿಸುವುದು ಸುಲಭ ಇರಲಿಲ್ಲ. ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಸೆಗ್ಮೆಂಟರ್ ಹಾಕಿದೆ, ಅದು ಪದವನ್ನು ಅಕ್ಷರದ ತುಂಡುಗಳಾಗಿ ಒಡೆಯುತ್ತದೆ. ಗುಣಿತಾಕ್ಷರ ಸರಿಹೋಯಿತು, ಒತ್ತಕ್ಷರ ಮಾತ್ರ ಹಲಂತದ ಬಳಿ ಒಡೆಯುತ್ತಲೇ ಇತ್ತು. ಹುಡುಕಿದರೆ ಕಾರಣ ಸಿಕ್ಕಿತು. ಯೂನಿಕೋಡ್ 15.1ರಲ್ಲಿ ದೇವನಾಗರಿ, ತೆಲುಗು, ಮಲಯಾಳಂ ಮುಂತಾದ ಲಿಪಿಗಳ ಒತ್ತಕ್ಷರ ಒಡೆಯದಂತೆ ನಿಯಮ ಬಂತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ತೆಲುಗಿಗೆ ಇದೆ, ನಮಗಿಲ್ಲ! ಹಾಗಾಗಿ ತುಂಡಿನ ಕೊನೆಗೆ ಹಲಂತ ಇದ್ದರೆ ಮುಂದಿನ ವ್ಯಂಜನದ ತುಂಡನ್ನೂ ಜೋಡಿಸುವ ನಾಲ್ಕೈದು ಸಾಲು ನಾನೇ ಬರೆದೆ. ‘ಬಸ್’ ಅಂಥ ಪದದ ಕೊನೆಯ ಹಲಂತಕ್ಕೆ ಬೇರೆ ಟೆಸ್ಟ್. ‘ರಾಜ್‌ಕುಮಾರ್’ ಬರೆಯುವಾಗ ನಡುವೆ ಕಾಣದ ಒಂದು ಕ್ಯಾರೆಕ್ಟರ್ ಇರುತ್ತದಲ್ಲ, ಅದಕ್ಕೆ ಮತ್ತೊಂದು. ಕೋಡ್‌ಗಿಂತ ಟೆಸ್ಟೇ ಜಾಸ್ತಿ ಆಯಿತು. ರಿವ್ಯೂನಲ್ಲಿ ಎರಡು ಮೂರು ಸುತ್ತು ಓಡಾಡಿ ಮರ್ಜ್ ಆಯಿತು, ಅಂದರೆ ಮೂಲ ಕೋಡ್‌ಗೆ ಸೇರಿತು.

ಆ ಜೋರಿನಲ್ಲಿ ಪಿಡಿಎಫ್‌ಗೂ ಕೈ ಹಾಕಿದೆ. ಇದು ನನ್ನ ಇಡೀ ಬೇಸಿಗೆ ತಿಂದಿತು. ಆ್ಯಪ್ ಬಳಸುವ ಪಿಡಿಎಫ್ ಲೈಬ್ರರಿಗೆ (ಸಿದ್ಧ ಕೋಡ್) ಶೇಪಿಂಗ್, ಅಂದರೆ ಅಕ್ಷರ, ಒತ್ತುಗಳನ್ನು ಸರಿಯಾಗಿ ಜೋಡಿಸುವುದು, ಗೊತ್ತೇ ಇಲ್ಲ. ಫಾಂಟ್ ಸೇರಿಸಿದರೂ ಒತ್ತು ಕೆಳಗೆ ಬರದೆ ಪಕ್ಕಕ್ಕೆ ನಿಲ್ಲುತ್ತಿತ್ತು. ನೋಟೊ ಹಾಕಿದೆ, ಲೋಹಿತ್ ಹಾಕಿದೆ, ಫಲ ಇಲ್ಲ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಝ್ ಅನ್ನುವ ಲೈಬ್ರರಿ. ಅದನ್ನು ಆ್ಯಪ್‌ಗೆ ಸೇರಿಸಿದರೆ ಸೈಜ್ ಜಾಸ್ತಿ ಆಗುತ್ತದೆ ಅಂತ ಮೇಂಟೇನರ್ ಒಪ್ಪಲಿಲ್ಲ. ಕೊನೆಗೆ ಆ ಪಿಡಿಎಫ್ ಲೈಬ್ರರಿಯನ್ನೇ ಬಿಟ್ಟು, ಬ್ರೌಸರ್‌ನ ಪ್ರಿಂಟ್‌ನಿಂದಲೇ ಪಿಡಿಎಫ್ ತೆಗೆಯುವ ಹಾಗೆ ಪುಟ ಮಾಡಿದೆ. ಒತ್ತಕ್ಷರ ಚೊಕ್ಕವಾಗಿ ಬಂತು.

ಖರ್ಚಿನ ಲೆಕ್ಕ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸುಮಾರು 14 ಸಾವಿರ. ರ್ಯಾಮ್, ಎಸ್‌ಎಸ್‌ಡಿ ಸೇರಿ 4 ಸಾವಿರದ ಆಸುಪಾಸು. ಮೇ ತಿಂಗಳ ನಮ್ಮ ಊರಿನ ಬಿಸಿಲಿನಲ್ಲಿ ಬಿಲ್ಡ್ (ಕೋಡ್‌ನಿಂದ ಆ್ಯಪ್ ತಯಾರಿಸುವುದು) ಹಾಕಿದರೆ ಲ್ಯಾಪ್‌ಟಾಪ್ ತಾನೇ ಆಫ್ ಆಗುತ್ತಿತ್ತು. ಅದಕ್ಕೆ ಫೋರ್ಕ್‌ನಲ್ಲೇ (ಪ್ರಾಜೆಕ್ಟ್‌ನ ನನ್ನದೇ ಪ್ರತಿ) ಗಿಟ್‌ಹಬ್ ಆ್ಯಕ್ಷನ್ಸ್ (ಗಿಟ್‌ಹಬ್ ಸೈಟ್‌ನ ಕಂಪ್ಯೂಟರ್‌ನಲ್ಲೇ ಕೆಲಸ ಮಾಡಿಸುವ ಸೇವೆ) ಹಚ್ಚಿ ಬಿಲ್ಡ್, ಟೆಸ್ಟ್ ಎರಡೂ ಅಲ್ಲಿಗೇ ಬಿಟ್ಟೆ. ಪಬ್ಲಿಕ್ ರೆಪೊಗೆ ಅದು ಫ್ರೀ. ಪ್ರಿಂಟ್ ಕೆಲಸಕ್ಕೆ ಪ್ರಾಜೆಕ್ಟ್‌ನ ದೇಣಿಗೆಯಿಂದ ಇಪ್ಪತ್ತು ಸಾವಿರದ ಹತ್ತಿರ ಕೊಟ್ಟರು. ಲ್ಯಾಪ್‌ಟಾಪ್‌ನ ದುಡ್ಡು ವಾಪಸ್ ಬಂತು. ಕಾಕಾ ಈಗ ಕೋರ್ಸ್ ಮಾತು ಎತ್ತುವುದಿಲ್ಲ.

ಹಳೇ ಇಶ್ಯೂಗಳಲ್ಲಿ ಯಾವ ಪದ ಹಾಕಿ ಹುಡುಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದರಲ್ಲಿ ನನ್ನ ಕೆಲಸ ಇನ್ನೂ ಬಾಕಿ ಇದೆ. ಪರೀಕ್ಷೆಗೆ ಬಳಸುವ ಪದ ಬೇಕಾದರೆ ತಗೊಳ್ಳಿ: ಮಲ್ಲಿಕಾರ್ಜುನ, ಲಕ್ಷ್ಮೀ, ರಾಜ್‌ಕುಮಾರ್, ಸ್ವಾತಂತ್ರ್ಯ, ಬಸ್. ನೀವು ದಿನಾ ಬಳಸುವ ಚಿಕ್ಕ ಆ್ಯಪ್ ತೆಗೆದು ಇವನ್ನು ಟೈಪ್ ಮಾಡಿ. ಹುಡುಕಿ ನೋಡಿ, ಅಕಾರಾದಿಯಲ್ಲಿ ಜೋಡಿಸಿ ನೋಡಿ, ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿಯ ಫೈಲ್) ಮಾಡಿ ಎಕ್ಸೆಲ್‌ನಲ್ಲಿ ತೆರೆಯಿರಿ, ಪಿಡಿಎಫ್ ತೆಗೆಯಿರಿ. ಪಿಡಿಎಫ್ ಕೊನೆಗೆ ಇರಲಿ.